ಅಂಬಮ್ಮನ ಬೂಟು

ಅಂಬಮ್ಮ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದದ್ದು ಮುಖದಿಂದಲ್ಲ, ಕಾಲಿನಿಂದ. ಎರಡು ವರ್ಷದ ಕೂಸಿದ್ದಾಗ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಬಲಗಾಲಿನ ಜೀವವನ್ನು ಪೂರ್ತಿ, ಎಡಗಾಲಿನದನ್ನು ಅರ್ಧ ತೆಗೆದುಕೊಂಡು ಹೋಯಿತು. ಅಲ್ಲಿಂದ ಹನ್ನೊಂದು ವರ್ಷದವಳಾಗುವ ತನಕ ಆಕೆ ನೆಲ ಬಿಟ್ಟು ಏಳಲಿಲ್ಲ. ಜಾಲಹಳ್ಳಿಯ ಆ ಮಣ್ಣಿನ ಮನೆಯಲ್ಲಿ ಆಕೆ ಕಂಡದ್ದೆಲ್ಲ ಅಡಿಯಿಂದಲೇ. ಹೊರಸಿನ ಹಗ್ಗದ ಹೆಣಿಗೆ, ಆಕಳ ಕೆಚ್ಚಲು, ಅವ್ವನ ಸೀರೆಯ ನೆನೆದ ಅಂಚು, ಅಪ್ಪನ ಒಡೆದ ಹಿಮ್ಮಡಿ. ಊರ ಹುಡುಗರು ಆಕೆಗೆ ಇಟ್ಟ ಹೆಸರು ಕಪ್ಪಿ. ತೆವಳಿಕೊಂಡು ಕಟ್ಟೆಗೆ ಬಂದರೆ ಸಾಕು, "ಮಳಿ ಬರ್ತದಲೇ, ಕಪ್ಪಿ ಹೊರಗ ಬಂತು" ಅನ್ನುತ್ತಿದ್ದರು. ದೊಡ್ಡವರೂ ನಗುತ್ತಿದ್ದರು.

ರಾಯಚೂರಿನಲ್ಲಿ ಕಾಲಿಲ್ಲದವರಿಗೆ ಬೂಟು ಕೊಡುತ್ತಾರೆಂದು ಯಾರೋ ಹೇಳಿದ್ದಕ್ಕೆ ಅಪ್ಪ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದ. ಮೂರು ಸಲ ಅಳತೆ, ಮೂರು ಸಲ ಬಸ್ಸು. ನಾಲ್ಕನೆಯ ಸಲ ಬೂಟು ಕೊಟ್ಟರು. ಬಲಗಾಲಿಗೆ ಕರಿ ಚರ್ಮದ ಬೂಟು, ಅದರ ಎರಡೂ ಮಗ್ಗುಲಿಗೆ ತೊಡೆಯ ತನಕ ಕಬ್ಬಿಣದ ಸರಳು, ಮೊಳಕಾಲಿನ ಹತ್ತಿರ ಕೊಂಡಿ, ಮೇಲೆ ಪಟ್ಟಿ. ಕೊಂಡಿ ಟಕ್ ಅಂತ ಬಿದ್ದರೆ ಕಾಲು ನಿಲ್ಲುತ್ತದೆ, ಎತ್ತಿದರೆ ಮಡಚುತ್ತದೆ. ಕೈಯಲ್ಲೊಂದು ಕೋಲು. ಚಪ್ಪಲಿಯಂತೆ ಮನೆಗೊಂದು ಹೊರಗೊಂದು ಇಟ್ಟುಕೊಳ್ಳುವ ಮಾಲಲ್ಲ ಅದು. ಸವೆದು ಹೋದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು.

ಅವತ್ತು ಜಾಲಹಳ್ಳಿಯ ಬಸ್ಸು ನಿಲ್ಲುವಲ್ಲಿಂದ ಮನೆಯ ತನಕ ಅಂಬಮ್ಮ ನಡೆದು ಬಂದಳು. ಅಂಗಡಿ ಕಟ್ಟೆಯವರು ಎದ್ದು ನಿಂತು ನೋಡಿದರು. ಆಕೆಗೆ ಮೊದಲ ಸಲ ಜನರ ಕಣ್ಣು ಸಮಸಮ ಕಂಡವು, ಬೇಲಿಯ ಆಚೆ ಏನಿದೆ ಅನ್ನುವುದು ಕಂಡಿತು. ಕಪ್ಪಿ ಅಂದ ಹುಡುಗನ ತಲೆ ತನ್ನ ಭುಜಕ್ಕೆ ಬರುವುದೂ ಕಂಡಿತು. ಮನೆಯ ಬಾಗಿಲಲ್ಲಿ ಅವ್ವ ಕಣ್ಣೀರು ಸುರಿಸುತ್ತ ದೃಷ್ಟಿ ತೆಗೆದಳು. ತೆಗೆದು, ಕಣ್ಣು ಒರೆಸಿಕೊಂಡು ಅಂದಳು:

"ಬೂಟು ಅಲ್ಲೇ ಬಿಚ್ಚಿ ಒಳಗ ಬಾ ನನ್ನವ್ವ. ದೇವ್ರ ಜಗಲಿ ಅದ."

ಅವ್ವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆರ ಮೆಟ್ಟಿಕೊಂಡು ಮನೆ ಹೊಕ್ಕವರನ್ನು ಆಕೆ ಹುಟ್ಟಿದಾಗಿನಿಂದ ಕಂಡವಳಲ್ಲ, ಅಷ್ಟೇ. ಅಂಬಮ್ಮ ಕಟ್ಟೆಯ ಮೇಲೆ ಕೂತಳು, ಪಟ್ಟಿ ಬಿಚ್ಚಿದಳು, ಸರಳು ಬಿಚ್ಚಿದಳು, ಹೊಸ್ತಿಲು ದಾಟಿ ಎರಡೂ ಕೈ ಊರಿ ತೆವಳುತ್ತ ಒಳಗೆ ಹೋದಳು. ಹೊರಗೆ ಮನುಷ್ಯಳು, ಒಳಗೆ ಕಪ್ಪಿ. ಮುಂದೆ ಬಾಳೆಲ್ಲ ಆಕೆ ನೋಡಿದ್ದು ಇದನ್ನೇ.

ಹದಿನೈದರ ವಯಸ್ಸಿನಲ್ಲಿ ಮಾನ್ವಿಗೆ ಒಂದು ಮದುವೆಗೆ ಹೋಗಿದ್ದಾಗ ಬೂಟು ಹೊರಗೆ ಬಿಟ್ಟು ಊಟದ ಸಾಲಿಗೆ ತೆವಳಿಕೊಂಡು ಹೊರಟಳು. ಹಿಂದಿನಿಂದ ನಾಲ್ಕು ವರ್ಷದ ಒಂದು ಕೂಸು ಬಂದು ಆಕೆಯ ಬೆನ್ನೇರಿ ಕೂತು "ಚಲ್ ಚಲ್" ಅಂದಿತು. ಸಾಲಿನವರೆಲ್ಲ ಎಲೆ ಬಿಟ್ಟು ನಕ್ಕರು. ಕೂಸಿನ ಅವ್ವನೂ ನಕ್ಕಳು, ಆಮೇಲೆ ಬಂದು ಎತ್ತಿಕೊಂಡಳು. ಅಂಬಮ್ಮ ಅವತ್ತು ಉಣ್ಣಲಿಲ್ಲ. ಇನ್ನು ನಾಲ್ಕು ಮಂದಿಯ ನಡುವೆ ತೆವಳುವುದಿಲ್ಲ ಎಂದು ಆಣೆ ಮಾಡಿಕೊಂಡಳು. ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ಆಕೆಯ ಜಾಗ ಕಟ್ಟೆ. "ಬಾರವ್ವ ಒಳಗ" ಅಂದರೆ "ಇಲ್ಲೇ ಗಾಳಿ ಚಲೋ ಅದ" ಅನ್ನುವಳು. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಕಟ್ಟೆಯ ಗಾಳಿ ಎಂಥದೆಂದು ಎಲ್ಲರಿಗೂ ಗೊತ್ತು. ಆದರೂ ಎರಡನೆಯ ಸಲ ಯಾರೂ ಕರೆಯುತ್ತಿರಲಿಲ್ಲ.

ಅಪ್ಪ ಅವ್ವ ಎರಡು ವರ್ಷದ ಅಂತರದಲ್ಲಿ ತೀರಿಕೊಂಡಾಗ ತಮ್ಮ ಚನ್ನವೀರನಿಗೆ ಎಂಟು ವರ್ಷ. ಅಂಬಮ್ಮ ಹೊಲಿಗೆಯ ಕೈಮಷಿನ್ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ತಮ್ಮನನ್ನು ಕರೆದುಕೊಂಡು ದೇವದುರ್ಗಕ್ಕೆ ಬಂದಳು. ಬಸ್ ನಿಲ್ದಾಣದ ಹಿಂದೆ ಬಳೆ ಮಾರುವ ಅಮೀರ್ ಬೀಯ ಮನೆಯಲ್ಲಿ ಒಂದು ಖೋಲಿ ಖಾಲಿ ಇತ್ತು. ಖೋಲಿಗೆ ಹೋಗಬೇಕೆಂದರೆ ಅಮೀರ್ ಬೀಯ ನಡುಮನೆ ದಾಟಬೇಕು. ನಡುಮನೆಯಲ್ಲಿ ನಮಾಜಿನ ಚಾಪೆ. ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳು. ಅಂಬಮ್ಮ ಹೊಸ್ತಿಲಲ್ಲೇ ನಿಂತಳು.

"ಯಾಕ ನಿಂತೀ ಬೇ? ಖೋಲಿ ಒಳಗ ಅದ, ಬಾಗಿಲದಾಗ ಇಲ್ಲ," ಅಂದಳು ಅಮೀರ್ ಬೀ.

"ಬೂಟು ಬಿಚ್ಚಿದ್ರ ನನಗ ನಡಿಯಾಕ ಬರಾಂಗಿಲ್ಲ ಆಪಾ."

"ಅರೆ, ಬಿಚ್ಚು ಅಂತ ಯಾರಂದ್ರು? ಅದು ನಿನ್ನ ಕಾಲು. ಕಾಲ ಬಿಚ್ಚಿಟ್ಟು ಒಳಗ ಬಾ ಅಂತ ಯಾರರ ಅಂತಾರೇನು?" ಅಮೀರ್ ಬೀ ಬಚ್ಚಲಿನಿಂದ ಒಂದು ಒದ್ದೆ ಬಟ್ಟೆ ತಂದು ಆಕೆಯ ಕಡೆ ಎಸೆದಳು. "ನಾವು ಕಾಲ ತೊಳಕೊಂಡು ನಮಾಜಿಗಿ ನಿಂದರ್ತೀವಿ. ನೀ ನಿನ್ನ ಕಾಲ ಒರಸ್ಕೊ. ಮುಗೀತು."

ಆ ಮನೆಯಲ್ಲಿ ಅಂಬಮ್ಮ ಬೂಟು ಹಾಕಿಕೊಂಡೇ ನಡೆದಳು. ಒಲೆ ಹಚ್ಚಿದಳು, ನೀರು ತುಂಬಿದಳು, ಗೂಡಿನಲ್ಲಿಟ್ಟ ದೇವರಿಗೆ ನಿಂತುಕೊಂಡೇ ದೀಪ ಹಚ್ಚಿದಳು. ಚನ್ನವೀರ ಆ ಸರಳಿನ ಟಕ್ ಟಕ್ ಸಪ್ಪಳದಲ್ಲೇ ಮಲಗಿ, ಅದರಲ್ಲೇ ಎದ್ದು ದೊಡ್ಡವನಾದ. ಜಂಪರು ಹೊಲಿದು ಹೊಲಿದು ಅವನನ್ನು ಓದಿಸಿದಳು. ಓದು ಮುಗಿದ ಮೇಲೆ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ನಡೆನುಡಿ ಚೆನ್ನಾಗಿದ್ದ ಹುಡುಗ. ಗಿರಣಿಯ ಸಾವ್ಕಾರರು ಮೆಚ್ಚಿಕೊಂಡರು, ನಾಲ್ಕು ವರ್ಷದಲ್ಲಿ ಮ್ಯಾನೇಜರ್ ಮಾಡಿದರು.

ಅವನಿಗೆ ಹೆಣ್ಣು ನೋಡಲು ಮಾನ್ವಿಗೆ ಹೋದಾಗಲೂ ಅಂಬಮ್ಮ ಕಟ್ಟೆಯ ಮೇಲೇ ಕೂತಿದ್ದಳು. ಒಳಗೆ ಗಂಡಸರು ಮಾತಾಡುತ್ತಿದ್ದರು. ಗಂಡಿನ ಅಕ್ಕ ಹೊರಗೆ ಕೂತಿದ್ದಾಳೆಂದು ತಿಳಿದ ಹುಡುಗಿ, ವಿಜಯಲಕ್ಷ್ಮಿ ಅಂತ ಹೆಸರು, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ತಾನೇ ಹೊರಗೆ ಬಂದಳು. ಹೊಸ ಸೀರೆ ಮಣ್ಣಾಗುತ್ತದೆಂದು ನೋಡದೆ ಪಕ್ಕದಲ್ಲಿ ಕೂತಳು. "ತಿನ್ರಿ ಅಕ್ಕಾರ, ಆರಿ ಹೋಗ್ತದ" ಅಂದಳು. ಅಂಬಮ್ಮ ಬೇರೆ ಏನನ್ನೂ ನೋಡಲಿಲ್ಲ. ಒಳಗಿದ್ದ ತಮ್ಮನಿಗೆ ಕಿಟಕಿಯಿಂದಲೇ ಕೂಗಿ, "ಇದ ಹುಡುಗಿ, ಹೂಂ ಅನ್ನು" ಅಂದಳು.

ಹೋದ ವರ್ಷ ಚನ್ನವೀರ ರಾಯಚೂರಿನಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಕಾರ್ಡು ಹಿಡಿದುಕೊಂಡು ದೇವದುರ್ಗಕ್ಕೆ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಅಕ್ಕನ ಕಾಲಿಗೆ ಬಿದ್ದು, ಕಾರ್ಡು ಓದಿ ತೋರಿಸಿದ. ಕರೆಯುವವರ ಹೆಸರಿನಲ್ಲಿ ಮೊದಲನೆಯದು ಅಂಬಮ್ಮನದು.

"ಅಕ್ಕಾ, ಅವ್ವ ಇದ್ದಿದ್ರ ಅವ್ವ ಹಾಲು ಉಕ್ಕಸ್ತಿದ್ಲು. ಈಗ ನೀನ ಉಕ್ಕಸಬೇಕು. ಮೂಡಲಕ್ಕ ಉಕ್ಕಿದ್ರ ಮನಿಗಿ ಚಲೋ ಅಂತಾರ. ಬ್ಯಾರೆ ಯಾರ ಕೈಯಾಗೂ ಕೊಡಾಂಗಿಲ್ಲ ನಾ."

ಅಂಬಮ್ಮನ ಎದೆ ತುಂಬಿ ಬಂತು. ಆದರೂ ಕೇಳಿದಳು: "ಬೂಟಿಂದು ಹ್ಯಾಂಗೋ?"

"ನಿನ್ನ ತಮ್ಮನ ಮನಿ ಬೇ ಅದು. ಯಾವನು ಕೇಳ್ತಾನ?"

ಯಾರೂ ಕೇಳುವುದಿಲ್ಲ ಎಂದರೂ ಅಂಬಮ್ಮನಿಗೆ ಸಮಾಧಾನವಾಗಲಿಲ್ಲ. ಹೊಸ ಮನೆ, ದೇವರ ಕಾರ್ಯ. ಮೂವತ್ತು ವರ್ಷ ಮಂದಿಯ ಮೈಗೆ ಹೊಲಿದವಳು ತನ್ನ ಬೂಟಿಗೂ ಒಂದು ಅಂಗಿ ಹೊಲಿಯಲು ಕೂತಳು. ಕೆಂಪು ಖಣದ ಬಟ್ಟೆ, ಒಳಗೆ ಬಿಳಿ ಅಸ್ತರು, ಹಿಮ್ಮಡಿಯ ಮೇಲೆ ಬಿಗಿಯಲು ಲಾಡಿ. ಟೈಲ್ಸಿನ ಮೇಲೆ ಜಾರಬಾರದೆಂದು ಅಡಿಗೆ ಹೊಸ ಗೋಣಿತಾಟಿನ ತುಂಡು. ಮೊದಲನೆಯದು ಬಿಗಿಯಾಯಿತು, ಎರಡನೆಯದು ಸಡಿಲಾಗಿ ತಿರುಗಿತು, ಮೂರನೆಯದು ಸರಿಹೋಯಿತು. ಅಮೀರ್ ಬೀಯ ನಡುಮನೆಯ ನುಣುಪಾದ ಕಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ನೋಡಿದಳು. ಆಮೇಲೆ ತೊಳೆದು, ಒಣಗಿಸಿ, ಮಡಿ ಸೀರೆಯ ನಡುವೆ ಇಟ್ಟಳು.

"ಮದಲಗಿತ್ತಿ ಆಗ್ಯಾದ ನಿನ್ನ ಬೂಟು," ಎಂದು ಅಮೀರ್ ಬೀ ನಕ್ಕಳು.

ಆ ದಿನ ಮೊದಲ ಬಸ್ಸಿಗೆ ಹೊರಟು ಅಂಬಮ್ಮ ಎಂಟು ಗಂಟೆಗೆಲ್ಲ ರಾಯಚೂರು ಮುಟ್ಟಿದಳು. ಮನೆಯ ಮುಂದೆ ಶಾಮಿಯಾನ, ಬಾಳೆಕಂಬ, ತೋರಣ. ಶಾಮಿಯಾನದ ಕೆಳಗೆ ಆಗಲೇ ಐವತ್ತು ಜೋಡಿ ಚಪ್ಪಲಿ. ಆಕೆ ಆಟೋ ಇಳಿಯುವ ಹೊತ್ತಿಗೆ ಆಕಳು ಕರುವನ್ನು ಒಳಗೆ ಹೊಗಿಸುತ್ತಿದ್ದರು. ಆಕಳು ಹೊಸ್ತಿಲ ಮೇಲೆ ಗೊರಸು ಊರಿ ನಡುಮನೆಗೆ ಹೋಯಿತು, ನಾಲ್ಕೂ ಕಾಲಿಗೆ ರಸ್ತೆಯ ರೊಜ್ಜು. ಹೋಗಿ ಹೊಳೆಯುವ ಬಿಳಿ ಟೈಲ್ಸಿನ ಮೇಲೆ ಸೆಗಣಿ ಹಾಕಿತು. ಒಳಗೆ ಜನ ಹೋ ಎಂದು ಖುಷಿಪಟ್ಟರು. "ಲಕ್ಷ್ಮಿ ಒಲದ್ಲು ನೋಡ್ರಿ" ಎಂದು ಯಾರೋ ಅಂದರು.

ಆಕಳು ಹೊರಗೆ ಬಂದ ಮೇಲೆ ಅಂಬಮ್ಮ ಮೆಟ್ಟಿಲ ಬಳಿ ಕುರ್ಚಿಯೊಂದರ ಮೇಲೆ ಕೂತು, ಬೂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗವಸು ತೊಡಿಸಿ, ಲಾಡಿ ಬಿಗಿದಳು. ಕೊಂಡಿ ಹಾಕಿ ಎದ್ದು ನಿಂತಳು. ಬಾಗಿಲಿಗೆ ಅಡ್ಡ ವಿಜಯಲಕ್ಷ್ಮಿಯ ತಾಯಿ, ಮಾನ್ವಿಯ ಬೀಗಿತಿ, ಬಂದು ನಿಂತಳು.

"ಏನ್ರೀ ಅಂಬಮ್ಮನವರ, ಬೂಟಿಗಿ ಜಂಪರ್ ಹೊಲದೀರೇನು?"

ಹಿಂದಿದ್ದ ಹೆಂಗಸರು ನಕ್ಕರು. ಅಂಬಮ್ಮನೂ ನಕ್ಕಳು. ಬಾಗಿಲು ದಾಟಬೇಕಾದವರು ನಗಬೇಕಾಗುತ್ತದೆ.

"ಹೊಸ ಬಟ್ಟಿರಿ ಬೀಗತಿಯವರ. ತೊಳದು ಮಡಿ ಮಾಡಿ ತಂದೀನಿ."

"ಒಳಗ ಚರ್ಮ ಅದಲ್ರಿ. ಮ್ಯಾಲ ಖಣ ಸುತ್ತಿದ್ರ ಕೆರ ದೇವ್ರಾಗ್ತದೇನು? ಅಯ್ಯನವರು ಪೂಜಿಗಿ ಕುಂತಾರ. ಇವತ್ತೊಂದಿನ ಬಿಚ್ಚಿ ಬರ್ರಿ."

"ಆಕಳ ಗೊರಸು ಒಳಗ ಹೋಗಿ ಬಂತಲ್ರಿ ಈಗ."

"ಆಕಳ ಅಂದ್ರ ಆಕಳರಿ!"

"ಹೌದ್ರಿ. ನಾ ಬರೇ ಮನಿ ಮಗಳು," ಅಂದಳು ಅಂಬಮ್ಮ.

ಬೀಗಿತಿಯ ಮುಖ ಬಿಗಿಯಿತು. ಅಂಬಮ್ಮ ಅವಳ ಭುಜದ ಆಚೆ ವಿಜಯಲಕ್ಷ್ಮಿಯನ್ನು ಹುಡುಕಿದಳು. ತಮ್ಮನ ಹೆಂಡತಿ ಅಲ್ಲೇ ಇದ್ದಳು, ಕೈಯಲ್ಲಿ ಹಾಲಿನ ಪಾತ್ರೆ. "ನನಗೇನಿಲ್ರಿ ಅಕ್ಕಾರ," ಅಂದಳು ನೆಲ ನೋಡುತ್ತ, "ಸಾವ್ಕಾರರ ಮನಿಯವರು ಬಂದಾರ, ನಾಳೆ ಒಂದ್ ಮಾತು ಬರಬಾರದು." ಆಮೇಲೆ ಗಂಡನ ಕಡೆ ತಿರುಗಿ, "ನೀವ ಹೇಳ್ರಿ" ಅಂದಳು.

ಚನ್ನವೀರ ಮೆಟ್ಟಿಲಿಳಿದು ಬಂದ. ರೇಷ್ಮೆ ಧೋತರ, ಹಣೆಗೆ ವಿಭೂತಿ. ಅಕ್ಕನ ಕಿವಿಯ ಹತ್ತಿರ ಬಗ್ಗಿದ.

"ಅಕ್ಕಾ, ಎರಡ ನಿಮಿಷದ ಕೆಲಸ. ಬಿಚ್ಚಿಬಿಡು. ನಾನೂ ನಮ್ಮ ಗಿರಣಿ ಕನಕರಾಜನೂ ಕೂಡಿ ಎತ್ಕೊಂಡು ಒಯ್ತೀವಿ."

"ಒಯ್ದು?"

"ಒಯ್ದು ಅಡಗಿ ಮನ್ಯಾಗ ಕೂಡಸ್ತೀವಿ."

"ನೆಲದ ಮ್ಯಾಲ ಕೂಡಸ್ತೀರಿ. ಒಲಿ ಕಟ್ಟಿ ಮ್ಯಾಲ ಇರ್ತದ. ಹಾಲು ಹ್ಯಾಂಗ ಉಕ್ಕಸ್ಲೋ? ನೀವಿಬ್ರೂ ನನ್ನ ಚೀಲ ಹಿಡದಂಗ ಹಿಡ್ಕೊಂಡು ನಿಂದರ್ತೀರೇನು?"

"ಮಂದಿ ನೋಡಾಕತ್ತಾರ ಅಕ್ಕಾ. ಸಣ್ಣ ಮಾತಾಡು."

"ಬಂದಾಗ ಏನಂದಿದ್ದಿ? ಯಾವನು ಕೇಳ್ತಾನ ಅಂದಿದ್ದಿ. ಈಗ ಕೇಳಾಕತ್ತಾರ. ನೀ ಒಂದ್ ಮಾತಾಡಪ್ಪ. ನಮ್ಮಕ್ಕನ ಕಾಲು ಅದು ಅಂತ ಅನ್ನು. ಅಷ್ಟ ಸಾಕು."

ಚನ್ನವೀರ ಬಾಗಿಲ ಕಡೆ ನೋಡಿದ. ಅಲ್ಲಿ ಬೀಗಿತಿ, ಬೀಗಿತಿಯ ಹಿಂದೆ ನಾಲ್ಕು ಮಂದಿ ದೊಡ್ಡ ಮನೆಯ ಹೆಂಗಸರು. ಒಳಗಿನಿಂದ ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಕೂಗಿದರು. ಅವನು ಅಕ್ಕನ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಒಂದು ಗೇಣು ಮುಂದೆ ಸರಿಸಿ, ಬಿಸಿಲು ಬೀಳದಂತೆ ನೋಡಿ ಇಟ್ಟ. "ಕೂಡು, ಬಂದೆ" ಅಂದು ಮೆಟ್ಟಿಲು ಹತ್ತಿದ.

ಅಂಬಮ್ಮ ಕೂತಳು. ಕೊಂಡಿ ಎತ್ತಿದಳು, ಕಾಲು ಮಡಚಿತು. ಸುತ್ತ ಚಪ್ಪಲಿಗಳೇ. ಅವನು ಬರುತ್ತಾನೆ ಅಂದುಕೊಂಡಳು. ಒಳಗೆ ಹೋಗಿ ಅತ್ತೆಗೆ ಹೇಳಿ ಬರುತ್ತಾನೆ, ಎಂಟು ವರ್ಷದವನಿದ್ದಾಗಿನಿಂದ ಈ ಸರಳಿನ ಸಪ್ಪಳ ಕೇಳಿ ಬೆಳೆದವನು, ಬಂದೇ ಬರುತ್ತಾನೆ. ಅದೇ ಹೊತ್ತಿಗೆ ಒಳಗೆ ಗಂಟೆ ಬಾರಿಸಿದರು. "ಉಕ್ಕಿತು, ಉಕ್ಕಿತು" ಎಂದು ಹೆಂಗಸರು ಕೂಗಿದರು. ಯಾರು ಉಕ್ಕಿಸಿದರೆಂದು ಆಕೆಗೆ ಕಾಣಲಿಲ್ಲ. ಬೀಗಿತಿಯ ನಗು ಮಾತ್ರ ಎಲ್ಲರ ದನಿಗಿಂತ ಮೇಲೆ ಕೇಳಿಸಿತು.

ಆಮೇಲೆ ಜನ ಬರತೊಡಗಿದರು. ಬಂದವರು ಶಾಮಿಯಾನದಲ್ಲಿ ಚಪ್ಪಲಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂತ ಹೆಂಗಸನ್ನು ಕಂಡು ತಮ್ಮ ತಮ್ಮ ಲೆಕ್ಕ ಹಾಕಿಕೊಂಡರು. ಒಬ್ಬರು ಮುದುಕರು ಹೊಸ ಚಪ್ಪಲಿಯನ್ನು ತಂದು ಸೀದಾ ಆಕೆಯ ಕುರ್ಚಿಯ ಕೆಳಗೆ ಇಟ್ಟರು.

"ಯವ್ವಾ, ಇವನ್ನ ಸ್ವಲ್ಪ ನೋಡ್ಕೊಳವ್ವ. ಗುಡಿಯಾಗ ಎರಡ ಸಲ ಹೋಗ್ಯಾವ."

ಅಂಬಮ್ಮ ತಲೆಯಾಡಿಸಿದಳು. ಅವರನ್ನು ನೋಡಿ ಇನ್ನೊಬ್ಬರು ಇಟ್ಟರು. ಒಬ್ಬಳು ಹುಡುಗಿ ಎತ್ತರ ಹಿಮ್ಮಡಿಯ ಚಪ್ಪಲಿ ಬಿಟ್ಟು, "ಆಂಟಿ, ಟೋಕನ್ ಅದ ಏನ್ರಿ?" ಎಂದು ಕೇಳಿದಳು. ಉಂಡು ಹೊರಗೆ ಬಂದ ದಪ್ಪ ಹೆಂಗಸೊಬ್ಬಳು ಸಿಟ್ಟಿನಿಂದಲೇ ಬಂದಳು:

"ನನ್ನ ಹಸರ ಪಟ್ಟಿ ಚಪ್ಪಲಿ ಎಲ್ಲಿ ಇಟ್ಟೀಯವ್ವ?"

"ಕಾಲು ನಿಮ್ಮವು, ಬಿಟ್ಟವ್ರು ನೀವು. ನನ್ನ ಯಾಕ ಕೇಳ್ತೀರಿ?"

"ಮತ್ತ ಇಲ್ಲಿ ಯಾಕ ಕುಂತೀದಿ ನೀನು?"

ಹಸಿರು ಪಟ್ಟಿಯ ಚಪ್ಪಲಿ ಕೋಲಿಗೆ ನಿಲುಕುವಲ್ಲೇ ಇತ್ತು. ಅಂಬಮ್ಮ ಕೋಲಿನಿಂದ ಅದನ್ನು ಮುಂದಕ್ಕೆ ತಳ್ಳಿದಳು. ತಳ್ಳಿದ ಮೇಲೆ, ಯಾಕೆ ತಳ್ಳಿದೆ ಎಂದು ತನ್ನ ಕೈಯನ್ನೇ ನೋಡಿಕೊಂಡಳು.

ಒಂದು ಗಂಟೆಯ ಹೊತ್ತಿಗೆ ಗಿರಣಿಯ ಸಾವ್ಕಾರರು ಹೊರಟರು. ಚನ್ನವೀರ ಅವರ ಹಿಂದೆ ಹಿಂದೆ, ಅವರ ಉಡುಗೊರೆಯ ಕೈಚೀಲ ಹಿಡಿದುಕೊಂಡು ಬಂದ. ಸಾವ್ಕಾರರು ಚಪ್ಪಲಿ ಮೆಟ್ಟುತ್ತ ಅಂಬಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಸರಳು ಕಂಡಿತು, ಕೋಲು ಕಂಡಿತು. ಒಳ್ಳೆಯ ಮನುಷ್ಯರು, ಕರುಣೆಯಿಂದಲೇ ಅಂದರು:

"ಭಾರಿ ವ್ಯವಸ್ಥಾ ಮಾಡೀಯಪ್ಪ ಚನ್ನವೀರ. ಚಪ್ಪಲಿ ಕಾಯಾಕೂ ಮಂದಿ ಇಟ್ಟೀದಿ. ಇಂಥವ್ರಿಗಿ ಒಂದ್ ಕೆಲಸ ಕೊಟ್ರ ಪುಣ್ಯ ಬರ್ತದ."

ಅಂಬಮ್ಮ ತಮ್ಮನ ಮುಖ ನೋಡಿದಳು. ಬೇಕಾದದ್ದು ನಾಲ್ಕು ಅಕ್ಷರ. ನಮ್ಮಕ್ಕ ರೀ, ಅಂದರೆ ಆಗುತ್ತಿತ್ತು. ಚನ್ನವೀರ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಹೂಂರಿ ಸಾವ್ಕಾರ್ರ," ಅಂದ.

ಕಾರು ಹೋಯಿತು. ಅವನು ತಿರುಗಿ ಅಕ್ಕನ ಕಡೆ ನೋಡದೆ ಒಳಗೆ ನಡೆದ.

ಎರಡೂವರೆಯ ಹೊತ್ತಿಗೆ ಶಾಮಿಯಾನ ಖಾಲಿಯಾಯಿತು. ಅಯ್ಯನವರು ಹೋದರು. ಬೀಗಿತಿ ಮಾಳಿಗೆಯ ಮೇಲೆ ಉಂಡವರ ಕೂಡ ಕೂತಿದ್ದಳು. ಆಗ ವಿಜಯಲಕ್ಷ್ಮಿಯೂ ಚನ್ನವೀರನೂ ಕೂಡಿ ಬಂದರು. ಇಬ್ಬರ ಮುಖದಲ್ಲೂ ಒಂದು ನಿರಾಳ.

"ಬರ್ರಿ ಅಕ್ಕಾರ, ಈಗ ಯಾರೂ ಇಲ್ಲ," ಅಂದಳು ವಿಜಯಲಕ್ಷ್ಮಿ. "ಬೂಟು ಬಿಚ್ಚೋದೂ ಬ್ಯಾಡ. ಹಂಗ ಬರ್ರಿ. ಪೇಪರ್ ಹಾಸೀವಿ."

ಅಂಬಮ್ಮ ಎದ್ದು ಬಾಗಿಲ ತನಕ ಹೋದಳು. ಹೊಸ್ತಿಲಿನಿಂದ ಅಡಿಗೆ ಮನೆಯ ಕಡೆಗೆ ಹಳೆಯ ಪೇಪರುಗಳನ್ನು ಒಂದರ ಪಕ್ಕ ಒಂದು ಹಾಸಿದ್ದರು, ಗೋಡೆಗೆ ಬಣ್ಣ ಬಳಿಯುವವರು ಬಂದಾಗ ಹಾಸುವ ಹಾಗೆ. ಗಾಳಿಗೆ ಹಾರಬಾರದೆಂದು ಮೂಲೆಗೊಂದು ಚೊಂಬು ಇಟ್ಟಿದ್ದರು. ಎರಡೂ ಮಗ್ಗುಲಿಗೆ ಬಿಳಿ ಟೈಲ್ಸು ಹೊಳೆಯುತ್ತಿತ್ತು. ಆಕಳು ನಿಂತಿದ್ದ ಜಾಗ ಎಲ್ಲಿ ಎಂದು ಗುರುತು ಕೂಡ ಉಳಿದಿರಲಿಲ್ಲ.

"ಯಾರ್ಗಿ ಹಾಸೀಯೋ ಇದನ್ನ?" ಎಂದು ತಮ್ಮನನ್ನು ಕೇಳಿದಳು.

"ನಿನಗ ಅಕ್ಕಾ. ಎಲ್ಲಾ ಖೋಲಿ ನೋಡಕೊಂಡು ಹೋಗು."

"ನೀ ನನ್ನ ಮನಿ ನೋಡಾಕ ಕರದಿದ್ದಿಲ್ಲ. ಹಾಲು ಉಕ್ಕಸಾಕ ಕರದಿದ್ದಿ. ಹಾಲು ಉಕ್ಕಿ ಹೋತು."

"ಅದಕ್ಕ ನಾ ಏನ್ ಮಾಡ್ಲಿ ಬೇ, ಮುಹೂರ್ತ..."

"ಮುಹೂರ್ತಕ್ಕ ನಾ ಏನೂ ಅನ್ನಾಂಗಿಲ್ಲ. ಸಾವ್ಕಾರ್ರ ಮುಂದ ಹೂಂ ಅಂದೆಲ್ಲ, ಅದಕ್ಕ ಯಾವ ಮುಹೂರ್ತ ಇತ್ತಪ್ಪ?"

ಚನ್ನವೀರ ಬಗ್ಗಿ ಪೇಪರಿನ ಮೂಲೆಯ ಚೊಂಬನ್ನು ಸರಿಮಾಡಿದ. ವಿಜಯಲಕ್ಷ್ಮಿಗೆ ಏನೂ ತಿಳಿಯಲಿಲ್ಲ, ಇಬ್ಬರನ್ನೂ ನೋಡಿದಳು. "ಊಟರ ಮಾಡ್ರಿ ಅಕ್ಕಾರ, ತಟ್ಟಿ ಇಲ್ಲೇ ತರ್ತೀನಿ" ಅಂದಳು.

"ಬ್ಯಾಡವ್ವ. ದೇವದುರ್ಗದ ಬಸ್ಸು ತಪ್ತದ."

ದಾರಿಯುದ್ದಕ್ಕೂ ಆಕೆ ಅಳಲಿಲ್ಲ. ಬಸ್ಸಿನಲ್ಲಿ ಯಾರೋ ಜಾಗ ಬಿಟ್ಟುಕೊಟ್ಟರು, ಕೂತಳು. ದೇವದುರ್ಗದಲ್ಲಿ ಇಳಿದಳು, ಕತ್ತಲಾಗುವ ಮುಂಚೆ ಮನೆ ಮುಟ್ಟಿದಳು. ಅಮೀರ್ ಬೀ ಬಾಗಿಲಲ್ಲಿ ಬಳೆಗಳ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಳು. ಅವಳಿಗೀಗ ಕಣ್ಣು ಮಂಜು, ಕಿವಿ ಚುರುಕು.

"ಬಂದೇನು? ಹ್ಯಾಂಗದ ಮನಿ?"

ಅಂಬಮ್ಮನಿಗೆ ಬಾಯಿ ತೆರೆದರೆ ಎಲ್ಲ ಹೊರಬೀಳುತ್ತದೆ ಅನ್ನಿಸಿತು. ಹೊರಬಿದ್ದರೆ ಅಮೀರ್ ಬೀ ಚನ್ನವೀರನನ್ನು ಬಯ್ಯುತ್ತಾಳೆ. ಎಂಟು ವರ್ಷದವನಿದ್ದಾಗ ಇದೇ ಬಾಗಿಲಲ್ಲಿ ಅವನಿಗೆ ಅನ್ನ ಕಲಸಿ ಕೊಟ್ಟವಳು. ಬೈದರೆ ಅದು ನಿಜವಾಗುತ್ತದೆ.

"ಭಾರಿ ಅದ ಆಪಾ," ಅಂದಳು. "ನಡುಮನಿ ಈ ಮನಿ ಮೂರಷ್ಟು ಅದ. ದೇವ್ರ ಖೋಲಿ ಬ್ಯಾರೆ. ಅಡಗಿ ಮನ್ಯಾಗ ಕರಿ ಕಲ್ಲಿನ ಕಟ್ಟಿ, ನಿಂತ್ರ ಸರಿ ನನ್ನ ನಡಮಟ್ಟ ಬರ್ತದ. ಕಿಟಕ್ಯಾಗಿಂದ ಬೇವಿನ ಗಿಡ ಕಾಣ್ತದ."

"ನಿಂತೇ ಮಾಡಿದೇನು ಎಲ್ಲಾ? ಬೂಟಿಗಿ ಯಾರೂ ಏನೂ ಅನ್ಲಿಲ್ಲ?"

"ಯಾರಂತಾರ? ತಮ್ಮನ ಮನಿ."

"ಅಲ್ಲಾ ಚಲೋ ಇಡ್ಲಿ ಅವನ್ನ." ಅಮೀರ್ ಬೀ ಬಳೆ ಒರೆಸುವುದನ್ನು ಬಿಟ್ಟು ಕತ್ತು ಮುಂದೆ ಚಾಚಿದಳು. ಮೂವತ್ತು ವರ್ಷ ಇವರ ನಡುವೆ ಬಾಳಿ ಇವರ ಶಕುನಗಳನ್ನೆಲ್ಲ ಬಲ್ಲವಳು. "ಹಾಲು ಯಾವ ಕಡೆ ಉಕ್ಕಿತು?"

ಅಂಬಮ್ಮ ಗೋಡೆ ಹಿಡಿದುಕೊಂಡು ಹೊಸ್ತಿಲು ದಾಟಿದಳು.

"ಮೂಡಲಕ್ಕ, ಆಪಾ," ಅಂದಳು.